ಕಾನ್‌ಸ್ಟೇಬಲ್ ನೋಪಲ್: ಒಂದು ಪಾಠಸಂಶೋಧನೆ

ಕ್ರಿ.ಶ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರೆಂಬ ವಾಕ್ಯವು ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಉಂಟಷ್ಟೆ. ಸದರಿ ವಾಕ್ಯವು ಶಿರಾಳಕೊಪ್ಪ ಪ್ರಾಂತ್ಯದಲ್ಲಿ ಪಡೆದ ಪಾಠಾಂತರಗಳನ್ನು, ತಾಳಗುಂದದ ಸ್ತಂಭಶಾಸನವನ್ನು ಪಂಡಿತರು ಓದಿದ ಶ್ರದ್ಧೆಯಲ್ಲೇ ನಿಷ್ಕರ್ಷಿಸುವುದು ಈ ಪ್ರಬಂಧದ ಉದ್ದೇಶ. ಆಕರ: ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ, ಒಂದು ಕಟ್ಟು.

‘ಅ’ ಪ್ರತಿ: “ಕಾನ್‌ಸ್ಟೇಬಲ್ ನೋಪಲ್ ಅವರನ್ನು ಟರ್ಕರು ವಶಪಡಿಸಿಕೊಂಡರು.” ನಗರವು ಪೊಲೀಸ್ ಇಲಾಖೆಗೆ ವರ್ಗವಾಗಿದೆ, ‘ಅವರನ್ನು’ ಎಂಬ ಬಹುವಚನ ಲಿಪಿಕಾರನ ವಿನಯಕ್ಕೆ ಸಾಕ್ಷಿ.

‘ಆ’ ಪ್ರತಿ: “ಆಟೋ ಮನ್ ಟರ್ಕರು.” ಈ ಪದಚ್ಛೇದದ ಮೇಲೆ ನಮ್ಮ ಬಸ್‌ಸ್ಟ್ಯಾಂಡಿನ ಪ್ರಭಾವ ನಿಸ್ಸಂದೇಹ.

‘ಇ’ ಪ್ರತಿ: ಇಸವಿಯ ಜಾಗದಲ್ಲಿ ರಿಜಿಸ್ಟರ್ ನಂಬರು.

‘ಈ’ ಪ್ರತಿ: ಖಾಲಿ. ಲುಪ್ತಪಾಠ ಎನ್ನಬಹುದು, ಸೊನ್ನೆ ಎಂದರೂ ನಡೆಯುತ್ತದೆ.

ಇನ್ನು ಸೈದ್ಧಾಂತಿಕ ಚೌಕಟ್ಟು. ತರಬೇತಿಯೊಂದರಲ್ಲಿ ಸಂಪನ್ಮೂಲ ವ್ಯಕ್ತಿಗಳು ಪರದೆ ನೋಡಿಕೊಂಡು ಓದಿ ಅಪ್ಪಣೆ ಕೊಡಿಸಿದಂತೆ, ಮೇಲಿನವು ತಪ್ಪುಗಳೇ ಅಲ್ಲ. ಕಲಿಕಾರ್ಥಿಕೇಂದ್ರಿತ ಸಂರಚನಾತ್ಮಕ ಜ್ಞಾನಪುನರ್ರಚನೆಯ ಪೂರ್ವಸಾಮರ್ಥ್ಯಸೂಚಕಗಳು. ಅವನ್ನು ಕಲಿಕಾ ಫಲಗಳಾಗಿ ಮಾಗಿಸಲು ಚಟುವಟಿಕೆ ಬೇಕು, ಚಟುವಟಿಕೆಗೆ ದಾಖಲೆ ಬೇಕು, ದಾಖಲೆಗೆ ಫೋಟೊ ಬೇಕು. ಬಳ್ಳಿಗಾವಿಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನ ಏನೇನು ಓದಿಸುತ್ತಿದ್ದರೆಂಬ ಪಟ್ಟಿ 1162ರ ಶಾಸನದಲ್ಲಿದೆ. ಕಲಿಕಾ ಫಲದ ನಮೂನೆ ಮಾತ್ರ ಸಿಕ್ಕಿಲ್ಲ. ಮಠ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

‘ಉ’ ಪ್ರತಿಯೂ ಇದೆ, ‘ಊ’ ಪ್ರತಿಯೂ ಇದೆ. ಸಾಕು. ಇವನ್ನೆಲ್ಲ ಪಾಸಿಂಗ್ ಪ್ಯಾಕೇಜಿನಲ್ಲಿ ಬರೆಸಿದವನು ನಾನೇ. ಎರಡು ಅಂಕಕ್ಕೆ ಎರಡು ವಾಕ್ಯ. ಸಾವಿರ ವರ್ಷ ಬಾಳಿದ ಒಂದು ಸಾಮ್ರಾಜ್ಯ ಮೊದಲನೆಯದರಲ್ಲಿ ಮುಳುಗಬೇಕು, 1498ರಲ್ಲಿ ವಾಸ್ಕೋ ಡ ಗಾಮ ಎರಡನೆಯದರಲ್ಲಿ ದಡ ಸೇರಬೇಕು. ಯಾಕೆ ಹೊರಟ, ಏನು ಬೇಕಿತ್ತು ಅಂತ ಯಾರಾದರೂ ಕೈ ಎತ್ತಿದರೆ ಪೋರ್ಷನ್ ಮುಗಿಯುವುದಿಲ್ಲ. ಮುಗಿಯದಿದ್ದರೆ ನೋಟಿಸು. ಮಕ್ಕಳು ದಡ್ಡರಂತೆ! ಯಾರು ದಡ್ಡರು?

ಸೊರಬದ ಕಡೆಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಫೆಬ್ರವರಿಯಲ್ಲಿ ಒಂದು ವಾರ ಪತ್ತೆಯಿರಲಿಲ್ಲ. ಬಂದಾಗ ನೋಡಿದರೆ ಉಗುರು, ಬೆರಳ ಸಂದಿಯೆಲ್ಲ ಕಪ್ಪು. ಮೇಜಿನ ಹತ್ತಿರ ನಿಂತರೆ ಘಾಟು.

“ಏನಮ್ಮಾ ಇದು?”

“ಮೆಣಸು ಕೊಯ್ಲು ಸಾರ್. ಆಳು ಸಿಗ್ಲಿಲ್ಲ.”

ಹಡಗು ಹತ್ತಿ ಬಂದವರಿಗೆ ಬೇಕಿದ್ದದ್ದು ಈ ಕಾಳು. ಘಟ್ಟದ ಕೆಳಗೆ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವತ್ತು ಬೋರ್ಡಿನ ಮೇಲೆ ಇದ್ದದ್ದೂ ಅದೇ ಪಾಠ, ‘ಸಾಂಬಾರ ಪದಾರ್ಥಗಳಿಗೆ ಅಪಾರ ಬೇಡಿಕೆಯಿತ್ತು’ ಅಂತ ನನ್ನದೇ ಅಕ್ಷರದಲ್ಲಿ. ಅವಳ ಕೈ ಎತ್ತಿಸಿ ತರಗತಿಗೆಲ್ಲ ಮೂಸಿಸಿದ್ದರೆ ಸಾಕಿತ್ತು.

ನಾನು ರಜಾಚೀಟಿ ಕೇಳಿದೆ.

ಅವಳು ಹಿಂದಿನ ಬೆಂಚಿಗೆ ಹೋಗಿ ಕೂತು, “ನನಗೆ ಜ್ವರ ಬಂದಿದ್ದರಿಂದ” ಎಂದು ಬರೆದು, ಅಪ್ಪನ ಸಹಿಯನ್ನು ತಾನೇ ಹಾಕಿ ತಂದುಕೊಟ್ಟಳು. ಆ ಪ್ರತಿಯಲ್ಲಿ ಒಂದೂ ಕಾಗುಣಿತ ದೋಷವಿಲ್ಲ.