ಕಾಲಂ ಇಲ್ಲದ ಅಪರಾಧಗಳು: ನೀತಿ ವಿಶ್ಲೇಷಕ ಮಹಾಶಯರಿಗೊಂದು ಬಹಿರಂಗ ಪತ್ರ

ಸರ್ಕಾರದ ಯಾವುದೋ ಮಹಡಿಯಲ್ಲಿ ಕೂತು ಅಪರಾಧ ಮತ್ತು ನ್ಯಾಯದ ಬಗ್ಗೆ ನೀತಿ ವಿಶ್ಲೇಷಣೆ ಮಾಡುತ್ತಿರುವ ಮಹಾಶಯರಿಗೆ, ಹಾಸನ ಜಿಲ್ಲೆಯಿಂದ ನಮಸ್ಕಾರಗಳು.

ಮೊದಲಿಗೆ ಅಭಿನಂದನೆ. ನೀವು ನೀತಿ ಹೆಣೆಯುವುದು ಮುಖ್ಯವಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುವ ‘ಕ್ರೈಮ್ ಇನ್ ಇಂಡಿಯಾ’ ಸಂಪುಟಗಳನ್ನು ಮುಂದಿಟ್ಟುಕೊಂಡು. 2023ರ ಲೆಕ್ಕದ ಸಂಪುಟ ಹೊರಬಿದ್ದದ್ದು 2025ರ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ, 2024ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣದ ವಿಚಾರಣೆ ಮುಗಿಸಿ, 2025ರ ಆಗಸ್ಟ್ 1ರಂದು ನಮ್ಮ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅಪರಾಧಿ ಎಂದು ಹೇಳಿ, ಮರುದಿನ ಜೀವಾವಧಿ ಶಿಕ್ಷೆಯನ್ನೂ ವಿಧಿಸಿಯಾಗಿತ್ತು. 2024ರ ಕೇಸಿಗೆ ತೀರ್ಪು ಬಂದು ಎರಡು ತಿಂಗಳಾದ ಮೇಲೆ 2023ರ ಕೇಸುಗಳ ಎಣಿಕೆ ನಮ್ಮ ಕೈಗೆ ಬಂತು. ಈ ದೇಶದಲ್ಲಿ ಕೋರ್ಟಿಗಿಂತಲೂ ನಿಧಾನವಾಗಿ ನಡೆಯುವುದು ಸಾಧ್ಯ ಎಂದು ತೋರಿಸಿಕೊಟ್ಟಿರಿ. ದಾಖಲೆ ಬರೆಯುವವರೇ ಒಂದು ದಾಖಲೆ ಮಾಡಿದಂತಾಯಿತು.

ತಡವಾದದ್ದು ಹೋಗಲಿ ಅನ್ನಬಹುದಿತ್ತು, ಎಣಿಕೆಯಾದರೂ ಸರಿಯಿದ್ದಿದ್ದರೆ. ನೀವು ಎಣಿಸುವುದು ಎಫ್‌ಐಆರ್. ಠಾಣೆಗೆ ಬಂದದ್ದು, ಬಂದದ್ದರಲ್ಲಿ ಬರೆದುಕೊಂಡದ್ದು, ಬರೆದುಕೊಂಡದ್ದರಲ್ಲಿ ಅತಿ ದೊಡ್ಡ ಶಿಕ್ಷೆಯಿರುವ ಕಲಂ ಯಾವುದೋ ಅದೊಂದು. ಒಂದೇ ಪ್ರಕರಣದಲ್ಲಿ ಅತ್ಯಾಚಾರ, ಬೆದರಿಕೆ, ಚಿತ್ರೀಕರಣ ಮೂರೂ ಇದ್ದರೂ ನಿಮ್ಮ ಕೋಷ್ಟಕಕ್ಕೆ ಇಳಿಯುವುದು ಅತ್ಯಾಚಾರ ಮಾತ್ರ. ಉಳಿದವಕ್ಕೆ ಕಾಲಂ ಇಲ್ಲ. ಅರ್ಜಿ ವಿಚಾರಣೆ ಎಂದು ನಂಬರು ಕೊಟ್ಟು, ಎರಡೂ ಕಡೆಯವರನ್ನು ಕರೆಸಿ, ಮುಚ್ಚಳಿಕೆ ಬರೆಸಿಕೊಂಡು, ಹಿಂಬರಹ ಕೊಟ್ಟು ಕಳಿಸಿದ ದೂರುಗಳಿಗೂ ಕಾಲಂ ಇಲ್ಲ. ಠಾಣೆಯ ಮೆಟ್ಟಿಲನ್ನೇ ಹತ್ತದವರ ಮಾತಂತೂ ಬೇಡವೇ ಬೇಡ. ಹೀಗೆ ಸೋಸಿ ಸೋಸಿ ಉಳಿದ ಸಂಖ್ಯೆ ಚಿಕ್ಕದಾಗಿದ್ದರೆ ಆ ಜಿಲ್ಲೆ ಶಾಂತವಾಗಿದೆ ಎಂದು ಷರಾ ಬರೆಯುತ್ತೀರಿ. ನನ್ನ ತಕರಾರು ಇಷ್ಟೇ: ಹೆಂಗಸರ ಮೇಲಿನ ಅಪರಾಧಗಳ ಮಟ್ಟಿಗೆ ನಿಮ್ಮ ಸಂಖ್ಯೆ ಅಳೆಯುವುದು ಅಪರಾಧವನ್ನಲ್ಲ, ಧೈರ್ಯವನ್ನು. ಧೈರ್ಯ ಕಡಿಮೆಯಾದಷ್ಟೂ ನಿಮ್ಮ ಪಟ್ಟಿಯಲ್ಲಿ ನಮ್ಮ ಊರು ಸಭ್ಯವಾಗುತ್ತಾ ಹೋಗುತ್ತದೆ.

ಸಾಕ್ಷಿ ಬೇಕೆಂದರೆ ನಮ್ಮ ಜಿಲ್ಲೆಯ ಹೊಳೆನರಸೀಪುರಕ್ಕಿಂತ ದೂರ ಹೋಗಬೇಕಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು 86 ಮಾಧ್ಯಮ ಸಂಸ್ಥೆಗಳು ಮತ್ತು ಮೂವರು ವ್ಯಕ್ತಿಗಳ ವಿರುದ್ಧ, ಪ್ರಜ್ವಲ್ ಕುರಿತು ಮಾನಹಾನಿಕರ ವಿಷಯ ಪ್ರಕಟಿಸದಂತೆ ತಡೆಯಾಜ್ಞೆ ಕೊಟ್ಟಿತು. ತಾವು ಹೆಂಗಸರೊಂದಿಗೆ ಇರುವಂತೆ ತೋರಿಸುವ ಅಶ್ಲೀಲ ವಿಡಿಯೊಗಳು ನಕಲಿ, ತಿರುಚಿದವು ಎಂಬುದು ಅರ್ಜಿದಾರ ಪ್ರಜ್ವಲ್ ಅವರ ವಾದವಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಳೆನರಸೀಪುರದ ಬಿಜೆಪಿ ಮುಖಂಡರೊಬ್ಬರು ತಮ್ಮ ಪಕ್ಷದ ರಾಜ್ಯಾಧ್ಯಕ್ಷರಿಗೆ ಪತ್ರ ಬರೆದು, ಪೆನ್‌ಡ್ರೈವ್ ಒಂದರಲ್ಲಿ ಅಂಥ 2,976 ವಿಡಿಯೊಗಳಿವೆ ಎಂದರು. ಅದು ಕಡತಗಳ ಲೆಕ್ಕ, ಹೆಂಗಸರ ಲೆಕ್ಕವಲ್ಲ. ಅದೂ ರಾಜಕಾರಣಿಯ ಲೆಕ್ಕ, ಉಪ್ಪು ಸೇರಿಸಿಯೇ ನುಂಗಬೇಕು. ಆದರೂ ಸ್ವಾಮಿ, ಒಂದು ಸಂಗತಿ ಗಮನಿಸಿ. ವಿಷಯ ಕೋರ್ಟಿನ ಕಡತದಲ್ಲಿತ್ತು, ಪಕ್ಷದ ಕಚೇರಿಯ ಟಪಾಲಿನಲ್ಲಿತ್ತು, ಟೀ ಅಂಗಡಿಯ ಪಿಸುಮಾತಿನಲ್ಲಿತ್ತು. ಎಫ್‌ಐಆರ್ ಮಾತ್ರ ಇರಲಿಲ್ಲ. ಆ ಇಡೀ ವರ್ಷ ಈ ವಿಷಯದಲ್ಲಿ ಕಾನೂನು ಯಾರಿಗಾದರೂ ರಕ್ಷಣೆ ಕೊಟ್ಟಿದ್ದರೆ ಅದು ವಿಡಿಯೊದೊಳಗಿದ್ದ ಹೆಂಗಸರಿಗಲ್ಲ. ತಡವಾಗಿ ಬಂದ ನಿಮ್ಮ 2023ರ ಸಂಪುಟದಲ್ಲಿ ಇದಕ್ಕೆ ಸಿಗುವ ಅಂಕಿ ಸೊನ್ನೆ. ತಡೆಯಾಜ್ಞೆಗೆ ಕಾಲಂ ಇಲ್ಲವಲ್ಲ.

2023ರ ಬಗ್ಗೆ ಇನ್ನೊಂದು ನೆನಪು. ಆ ವರ್ಷದ ಏಪ್ರಿಲ್‌ನಲ್ಲಿ ಬಂದ ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಮೊದಲ ಸ್ಥಾನ. ಅದನ್ನು ತಯಾರಿಸಿದವರನ್ನು ನಾನು ದೂರುವುದಿಲ್ಲ. ಪೊಲೀಸ್, ಕಾರಾಗೃಹ, ನ್ಯಾಯಾಂಗ, ಕಾನೂನು ನೆರವು ಈ ನಾಲ್ಕರಲ್ಲಿ ಸಿಬ್ಬಂದಿ ಎಷ್ಟು, ಅನುದಾನ ಎಷ್ಟು, ಖಾಲಿ ಹುದ್ದೆ ಎಷ್ಟು ಎಂದು ಅವರು ಅಳೆಯುತ್ತಾರೆ, ಹಾಗೆಂದು ಹೇಳಿಯೂ ಹೇಳುತ್ತಾರೆ. ಮೀಸಲಾತಿಯಂತೆ ಪೊಲೀಸ್ ಹುದ್ದೆ ತುಂಬುವುದರಲ್ಲಿ ನಮ್ಮ ರಾಜ್ಯ ಮುಂದಿರುವುದು ಹೆಮ್ಮೆಯ ವಿಷಯವೇ. ಆದರೆ ಠಾಣೆ ಇದೆ ಎನ್ನುವುದು ಬೇರೆ, ಠಾಣೆಗೆ ಹೋಗಬಹುದು ಎನ್ನುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಚಪ್ಪಾಳೆ ಗಿಟ್ಟಿಸುವವರು ನೀವು.

ಇದಕ್ಕೆ ನಿಮ್ಮ ಉತ್ತರ ನನಗೆ ಗೊತ್ತು. ‘ದೂರೇ ಇಲ್ಲದೆ ಪೊಲೀಸರು ಏನು ಮಾಡಲು ಸಾಧ್ಯ?’ ಅತ್ಯಾಚಾರ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ತಾವೇ ತನಿಖೆಗೆ ಇಳಿಯಬಹುದಾದದ್ದು. ಮಾಹಿತಿಯನ್ನು ಯಾರು ಬೇಕಾದರೂ ಕೊಡಬಹುದು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ದಾಖಲಿಸಿಕೊಳ್ಳಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಆದದ್ದನ್ನೇ ನೋಡಿ. ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ ಹಾಸನದ ಬಸ್ ನಿಲ್ದಾಣ, ಉದ್ಯಾನ, ಮೈದಾನಗಳಲ್ಲಿ ಆ ವಿಡಿಯೊಗಳ ಪೆನ್‌ಡ್ರೈವ್‌ಗಳು ಬಿದ್ದಿದ್ದವು. ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮೀ ಚೌಧರಿ ತನಿಖೆ ಕೋರಿ ಸರ್ಕಾರಕ್ಕೆ ಪತ್ರ ಬರೆದರು. ಏಪ್ರಿಲ್ 26ರಂದು ಮತದಾನ ಮುಗಿಯಿತು, ಸಂಸದರು ಜರ್ಮನಿಗೆ ಹಾರಿದರು, ಸರ್ಕಾರ ಎಡಿಜಿಪಿ ಬಿ.ಕೆ. ಸಿಂಗ್ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು, ಏಪ್ರಿಲ್ 28ರಂದು ಹೊಳೆನರಸೀಪುರ ಠಾಣೆಯಲ್ಲಿ ಮೊದಲ ದೂರು ದಾಖಲಾಯಿತು. ಅಂದರೆ ಮನಸ್ಸಿದ್ದರೆ ದಿನಗಳಲ್ಲಿ ಆಗುವ ಕೆಲಸ. ಮನಸ್ಸು ಬರಲು ಚುನಾವಣೆ ಬೇಕಾಯಿತು ಅಷ್ಟೆ.

‘ಕೊನೆಗೂ ಶಿಕ್ಷೆಯಾಯಿತಲ್ಲ, ವ್ಯವಸ್ಥೆ ಕೆಲಸ ಮಾಡಿತಲ್ಲ’ ಎನ್ನುವುದು ನಿಮ್ಮ ಎರಡನೇ ಉತ್ತರ. ಮಾಡಿತು. ತನಿಖೆ ಮಾಡಿದವರಿಗೆ, ಸಾಕ್ಷಿ ಹೇಳಿದವರಿಗೆ, ಎಲ್ಲಕ್ಕಿಂತ ಮೊದಲು ಕಟಕಟೆಯಲ್ಲಿ ನಿಂತ ಸಂತ್ರಸ್ತೆಗೆ, ಪ್ರಜ್ವಲ್ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳಿಗೆ, ಕೈಮುಗಿಯಬೇಕು. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ, ಅದರ ಪಾಡಿಗೆ ಅದು ನಡೆಯಲಿ. ಆದರೆ ಈ ಒಂದು ತೀರ್ಪಿಗೆ ಏನೇನು ಬೇಕಾಯಿತು ನೋಡಿ: ಲೋಕಸಭಾ ಚುನಾವಣೆ, ಎರಡು ಪಕ್ಷಗಳ ಜಗಳ, ಜಗತ್ತಿಗೇ ಹಬ್ಬಿದ ಸುದ್ದಿ, ವಿಶೇಷ ತನಿಖಾ ತಂಡ, ವಿಮಾನ ನಿಲ್ದಾಣದಲ್ಲಿ ಬಂಧನ, ವಿಶೇಷ ನ್ಯಾಯಾಲಯ. ಅರಕಲಗೂಡಿನ ಕಡೆ ಹೊಗೆಸೊಪ್ಪು ಕಟ್ಟಲು ಕೂಲಿಗೆ ಹೋಗುವವಳಿಗೆ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಸುಲಿಯುವವಳಿಗೆ ಇದರಲ್ಲಿ ಯಾವುದು ಸಿಗುತ್ತದೆ? ಅವಳ ಮೇಲೆ ಕೈಮಾಡಿದವನು ಸಂಸದನಾಗಿರುವುದಿಲ್ಲ, ಅವನನ್ನು ಸೋಲಿಸಬೇಕೆಂಬ ಉತ್ಸಾಹ ಯಾವ ಪಕ್ಷಕ್ಕೂ ಇರುವುದಿಲ್ಲ. ಪೆನ್‌ಡ್ರೈವ್ ಇಲ್ಲದ ಹೆಂಗಸಿಗೆ ಏನಾಗುತ್ತದೆ ಎಂಬುದೇ ನೀತಿಯ ಪರೀಕ್ಷೆ. ಎಸ್‌ಐಟಿಯೇ ಸಹಾಯವಾಣಿ ತೆರೆದು, ಹೆಸರು ಗುಟ್ಟಾಗಿಡುತ್ತೇವೆ ಬನ್ನಿ ಎಂದು ಕರೆದರೂ ಪ್ರಜ್ವಲ್ ವಿರುದ್ಧ ನಿಂತ ಪ್ರಕರಣಗಳು ನಾಲ್ಕು. ಕಾರಣ ಹುಡುಕಬೇಕೇ? ಮುಖ ಮರೆಸದ ದೃಶ್ಯಗಳು ಊರೂರಿನ ಮೊಬೈಲುಗಳಲ್ಲಿ ಓಡಾಡುತ್ತಿದ್ದವು. ಸಂತ್ರಸ್ತೆಯ ಗುರುತು ಬಯಲು ಮಾಡುವುದು 1983ರಿಂದಲೂ ಅಪರಾಧ. ಆ ದೃಶ್ಯಗಳನ್ನು ಫಾರ್ವರ್ಡ್ ಮಾಡಿದ ಬೆರಳುಗಳೆಷ್ಟು, ಶಿಕ್ಷೆಯಾದದ್ದೆಷ್ಟು? ಕಾಲಂ ಇಲ್ಲ.

ಸಾಕ್ಷಿಗಳ ರಕ್ಷಣೆಗೆ ಯೋಜನೆ ಇದೆ ಎನ್ನುತ್ತೀರಿ. ಇದೆ, 2018ರ ಡಿಸೆಂಬರ್‌ನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕು, ಬೆದರಿಕೆ ಎಷ್ಟಿದೆ ಎಂಬ ವರದಿ ಪೊಲೀಸರು ಕೊಡಬೇಕು. ಹಾಸನ ಜಿಲ್ಲೆಯಲ್ಲಿ ಹಾಗೆ ರಕ್ಷಣೆ ಕೇಳಿದವರೆಷ್ಟು, ಸಿಕ್ಕಿದವರೆಷ್ಟು ಎಂದು ನಿಮ್ಮ ಯಾವ ವರದಿ ತೆರೆದರೆ ಗೊತ್ತಾಗುತ್ತದೆ, ದಯವಿಟ್ಟು ಪುಟ ಸಂಖ್ಯೆ ತಿಳಿಸಿ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಮುಂದಿನದಕ್ಕೆ ನಗು ಬರುವುದಿಲ್ಲ. ಶಿಕ್ಷೆಯಾದ ಪ್ರಕರಣದ ಕೃತ್ಯ ನಡೆದದ್ದು 2021ರಲ್ಲಿ, ದಾಖಲಾದದ್ದು 2024ರಲ್ಲಿ. ಅತ್ಯಾಚಾರಕ್ಕೆ ಕಾಲಮಿತಿ ಇಲ್ಲದ್ದರಿಂದ ಕೇಸು ನಿಂತಿತು. ಅದೇ ಲೈಂಗಿಕ ಕಿರುಕುಳವಾಗಿದ್ದರೆ? ಗರಿಷ್ಠ ಮೂರು ವರ್ಷ ಶಿಕ್ಷೆಯಿರುವ ಅಪರಾಧವಾದರೆ ಮೂರು ವರ್ಷದೊಳಗೆ ದೂರು ದಾಖಲಾಗಬೇಕು, ಇಲ್ಲದಿದ್ದರೆ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ವಿಳಂಬವನ್ನು ಮನ್ನಿಸುವ ಅಧಿಕಾರ ಇದ್ದರೂ ಅದು ನ್ಯಾಯಾಲಯದ ವಿವೇಚನೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೇ ಇದೆ. ಹೆಸರುಗಳನ್ನೆಲ್ಲ ಬದಲಿಸಿದಿರಿ, ಕಲಂ ಸಂಖ್ಯೆಗಳನ್ನು ಬದಲಿಸಿ ವಕೀಲರಿಗೆ ಹೊಸ ಪುಸ್ತಕ ಕೊಳ್ಳುವ ಕೆಲಸ ಕೊಟ್ಟಿರಿ. ಮನೆಕೆಲಸ ಬಿಟ್ಟರೆ ಅನ್ನವಿಲ್ಲದ ಹೆಂಗಸು, ಕೆಲಸ ಕೊಟ್ಟವನ ಮೇಲೆ, ಆತನ ಮಾತೇ ಊರಿನ ಕಾನೂನಾಗಿರುವಾಗ, ಮೂರು ವರ್ಷದೊಳಗೆ ದೂರು ಕೊಡಬೇಕು. ಕೊಡದಿದ್ದರೆ ಅವಳ ಭಯವೇ ಆರೋಪಿಯ ಪರ ವಕೀಲ. ಇದನ್ನು ಬದಲಿಸಬೇಕು ಎಂದು ನಿಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲವೇ? ಭಯ ಎಷ್ಟು ಕಾಲ ಇರುತ್ತದೆ ಎಂದು ಯಾರೂ ಲೆಕ್ಕ ಇಟ್ಟಿಲ್ಲವಲ್ಲ, ತೋಚುವುದಾದರೂ ಹೇಗೆ.

ಲೆಕ್ಕ ಇಡುವುದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ 1970ರ ದಶಕದಿಂದ, ಇಂಗ್ಲೆಂಡಿನಲ್ಲಿ 1980ರ ದಶಕದಿಂದ ಮನೆಮನೆಗೆ ಹೋಗಿ, ‘ನಿಮ್ಮ ಮೇಲೆ ಅಪರಾಧ ನಡೆದಿದೆಯೇ, ಪೊಲೀಸರಿಗೆ ಹೇಳಿದಿರಾ, ಇಲ್ಲವಾದರೆ ಯಾಕೆ’ ಎಂದು ಕೇಳುತ್ತಾರೆ. ನಮ್ಮಲ್ಲಿ ಸರ್ಕಾರದ ಕಡೆಯಿಂದ ಅದಕ್ಕೆ ಹತ್ತಿರದ್ದು ಎಂದರೆ ಆರೋಗ್ಯ ಇಲಾಖೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2019–21ರ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದೊಳಗಿನ ವಿವಾಹಿತೆಯರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ ಶೇ. 44. ಹಿಂಸೆ ಅನುಭವಿಸಿದವರಲ್ಲಿ ಯಾರದಾದರೂ ನೆರವು ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ‘ಹೆಂಗಸರು ಸಮೀಕ್ಷೆಯವರ ಮುಂದೆ ಬಾಯಿ ಬಿಡುತ್ತಾರೆಯೇ’ ಎಂದು ಕೇಳಬೇಡಿ; ಒಂದು ಮನೆಯಲ್ಲಿ ಒಬ್ಬಳನ್ನೇ, ಯಾರೂ ಇಲ್ಲದ ಕಡೆ ಕೂರಿಸಿ ಕೇಳಿದಾಗ ಬಿಟ್ಟಿದ್ದಾರೆ. ಬಿಪಿ, ಶುಗರ್ ಬರೆದುಕೊಳ್ಳಲು ಬಂದವರಿಗೆ ಹೇಳಿದ್ದನ್ನು ಖಾಕಿ ತೊಟ್ಟವರಿಗೆ ಹೇಳುವುದಿಲ್ಲ. ಅಪರಾಧದ ಅತ್ಯುತ್ತಮ ಅಂಕಿಅಂಶ ಆರೋಗ್ಯ ಇಲಾಖೆಯಲ್ಲಿದೆ, ಗೃಹ ಇಲಾಖೆಯವರು ಒಮ್ಮೆ ಎರವಲು ತಂದು ಓದಬಹುದು.

‘ಒಂದು ಜಿಲ್ಲೆಗಾಗಿ ಇಷ್ಟೆಲ್ಲ ಯಾರು ಮಾಡುತ್ತಾರೆ’ ಎಂದೀರಿ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಎದ್ದಾಗ ಇದೇ ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿ, ಒಂದೊಂದು ಸಾವನ್ನೂ ಪರಿಶೀಲಿಸಿ, ಹಿಂದಿಗಿಂತ ಹೆಚ್ಚಿದೆಯೇ ಇಲ್ಲವೇ ಎಂದು ಬೇಗನೆ ಹೇಳಿತು. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಒಂದೊಂದು ಬೇಲ್‌ಗೂ ನಂಬರು, ತೂಕ, ದರ್ಜೆ ಇರುತ್ತದೆ. ಎಣಿಸಲು ಬರುವುದಿಲ್ಲ ಎಂಬ ಮಾತು ನಂಬುವ ಹಾಗಿಲ್ಲ.

ದುಡ್ಡಿಲ್ಲ, ಸಮೀಕ್ಷೆಗೆ ವರ್ಷ ಹಿಡಿಯುತ್ತದೆ ಎನ್ನುವುದಾದರೆ ಖರ್ಚಿಲ್ಲದ ಕೆಲಸವೊಂದು ಹೇಳುತ್ತೇನೆ. ಕರ್ನಾಟಕದ ಯಾವುದೇ ಎಫ್‌ಐಆರ್ ಹಾಳೆ ತೆರೆಯಿರಿ. ಕೃತ್ಯ ನಡೆದ ದಿನ, ಸಮಯ. ಠಾಣೆಗೆ ಮಾಹಿತಿ ಬಂದ ದಿನ, ಸಮಯ. ಅದರ ಹತ್ತಿರವೇ ಪಿರ್ಯಾದುದಾರರು ತಡವಾಗಿ ವರದಿ ಮಾಡಿದ್ದಕ್ಕೆ ಕಾರಣ ಎಂಬ ಸಾಲು. ನೋಡಿ, ಕಾಲಂ ಇದೆ! ಮನೆಯವರಲ್ಲಿ ವಿಚಾರ ಮಾಡಿ ಬಂದದ್ದು, ಊರಿನ ಹಿರಿಯರು ನ್ಯಾಯ ಮಾಡುತ್ತೇವೆ ಅಂದದ್ದು, ಜೀವಭಯ, ಮರ್ಯಾದೆ ಎಲ್ಲವೂ ಬರುವ ಜಾಗ ಅದು. ಹಲವು ಸಲ ಖಾಲಿ ಬಿಟ್ಟಿರುತ್ತಾರೆ, ಖಾಲಿ ಬಿಟ್ಟದ್ದೂ ಒಂದು ಮಾಹಿತಿಯೇ. ಹಾಳೆಗಳೆಲ್ಲ ಇಲಾಖೆಯ ಕಂಪ್ಯೂಟರಿನಲ್ಲೇ ಇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕಿನ ಠಾಣೆಗಳ ಹತ್ತು ವರ್ಷದ ಕೇಸುಗಳಲ್ಲಿ ಹೆಂಗಸರು ಕೊಟ್ಟ ದೂರುಗಳನ್ನು ಬೇರ್ಪಡಿಸಿ, ಹೆಸರು ಅಳಿಸಿ, ಎಷ್ಟು ದಿನ ತಡ, ಯಾಕೆ ತಡ ಎಂದು ಒಂದು ಕೋಷ್ಟಕ ಮಾಡಿ. ಅದನ್ನು ಮುಂದಿಟ್ಟುಕೊಂಡು ಕಾಲಮಿತಿಯ ಕಲಂ ತಿದ್ದುಪಡಿಗೆ ಟಿಪ್ಪಣಿ ಬರೆಯಿರಿ. ಟಿಪ್ಪಣಿ ಇಂಗ್ಲಿಷಿನಲ್ಲೇ ಇರಲಿ, ಬೇಸರವಿಲ್ಲ. ಆ ಸಾಲುಗಳನ್ನು ಮಾತ್ರ ಠಾಣೆಯ ಬರಹಗಾರರು ಕನ್ನಡದಲ್ಲಿ ಬರೆದಿರುತ್ತಾರೆ. ಓದಲು ಬರುವವರೊಬ್ಬರನ್ನು ಕಚೇರಿಗೆ ಕರೆಸಿಕೊಳ್ಳಿ.

ಇತಿ,
ಹಾಸನ ಲೋಕಸಭಾ ಕ್ಷೇತ್ರದ ಒಬ್ಬ ಮತದಾರ