ನೀರ ಬಿತ್ತೇನ್ರಿ?

ಬೋನ್ಸಾಯ್ ಹುಚ್ಚು ಹತ್ತಿದವರಲ್ಲಿ ಎರಡು ಪಂಗಡ. ನರ್ಸರಿಯಿಂದ ಸಸಿ ತಂದು, ಟೊಂಗೆಗೆ ತಂತಿ ಸುತ್ತಿ, ಅದು ಮುದಿಯಾಗುವ ತನಕ ತಾವೂ ಮುದುಕರಾಗುತ್ತ ಕಾಯುವವರು ಒಂದು ಪಂಗಡ. ಅಷ್ಟು ತಾಳ್ಮೆಯಿಲ್ಲದೆ, ಬಿಸಿಲು ಗಾಳಿಗಳು ಆಗಲೇ ಮುದಿ ಮಾಡಿಟ್ಟ ಗಿಡವನ್ನು ಬಯಲಿನಿಂದ ಅಗೆದು ತರುವವರು ಇನ್ನೊಂದು. ನಾನು ಎರಡನೆಯ ಪಂಗಡದವನು. ನಮ್ಮ ಪಂಗಡಕ್ಕೆ ಕಾಡು ಜುನಿಪರೇ ಮನೆದೇವರು. ಜಪಾನಿನ ಶಿಕೋಕು ದ್ವೀಪದ ಇಶಿಝುಚಿ ಬೆಟ್ಟದಲ್ಲಿ ಸುಮಾರು ನೂರು ವರ್ಷದ ಹಿಂದೆ ಜನ ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಿಗೆ ಇಳಿದು ಶಿಂಪಾಕು ಎಂಬ ಜುನಿಪರನ್ನು ಕಿತ್ತು ತರುತ್ತಿದ್ದರು. ಮುಕ್ಕಾಲು ಕಾಂಡ ಸತ್ತು ಬೆಳ್ಳಗಾಗಿ, ಪಕ್ಕದ ಸಣ್ಣ ತೊಗಟೆಪಟ್ಟಿಯೊಂದರಲ್ಲಿ ಜೀವ ಹಿಡಿದ ಮರಕ್ಕೇ ಹೆಚ್ಚು ಬೆಲೆ. ಅವರು ಎಷ್ಟು ಶ್ರದ್ಧೆಯಿಂದ ಕಿತ್ತರೆಂದರೆ, ಈಗ ಆ ಬಂಡೆಗಳ ಮೇಲೆ ಹಗ್ಗ ಇಳಿಬಿಡಲು ಕಾರಣವೇ ಉಳಿದಿಲ್ಲ.

ನಮ್ಮೂರು ಘೋಣಸಗಿಯಲ್ಲಿ ಜುನಿಪರ್ ಇಲ್ಲ. ನಮ್ಮ ದೇಶದಲ್ಲಿ ಅದು ತಾನಾಗಿ ಬೆಳೆದದ್ದನ್ನು ನೋಡಬೇಕೆಂದರೆ ಹಿಮಾಲಯ ಹತ್ತಬೇಕು. ಲಡಾಖಿನ ಬೌದ್ಧ ಮಠಗಳಲ್ಲಿ ಅದರ ಸೊಪ್ಪಿನ ಧೂಪ ಹಾಕುತ್ತಾರೆ. ಇದನ್ನೆಲ್ಲ ನಾನು ಹೇಳುವಾಗ ನಮ್ಮ ಸೋದರಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಜಿನ್ ಎಂಬ ಮದ್ಯಕ್ಕೆ ಘಮ ಬರುವುದು ಇದರ ಕಾಯಿಯಿಂದ ಅಂದಾಗ ಮಾತ್ರ ಪೇಪರು ಕೆಳಗಿಳಿಯಿತು.

“ಹಂಗಿದ್ರ ಒಂದೆಕರೆ ಹಚ್ಚಿ ನೋಡೂಣಲ್ಲೋ ತಮ್ಮಾ.”

“ಮೇ ತಿಂಗಳ ನಲವತ್ತು ಡಿಗ್ರಿ ಬಿಸಲಾಗ ಅದು ನಿಲ್ಲಂಗಿಲ್ಲ ಮಾಮಾ.”

ಪೇಪರು ಮತ್ತೆ ಮೇಲೇರಿತು.

ಜುನಿಪರ್ ಇಲ್ಲದಿದ್ದರೇನು, ಜುನಿಪರು ಪಟ್ಟ ಕಷ್ಟ ನಮ್ಮಲ್ಲಿ ಧಾರಾಳವಾಗಿದೆ. ಮರ ಗಿಡ್ಡಾಗಿ ಮುದಿಯಾಗಲು ಬೇಕಾದದ್ದು ಇಷ್ಟು: ಬೇರಿಗೆ ಜಾಗ ಸಾಲಬಾರದು, ನೀರು ಸಾಲಬಾರದು, ಚಿಗುರಿದ್ದನ್ನು ಯಾರಾದರೂ ತಿನ್ನುತ್ತಿರಬೇಕು. ಇವೆಲ್ಲವೂ ನಮ್ಮ ಮಡ್ಡಿಯಲ್ಲಿ ಅರ್ಜಿ ಹಾಕದೆ ಸಿಗುತ್ತವೆ. ಮೇಲೆ ಒಂದು ಗೇಣು ಗರಸು, ಕೆಳಗೆ ಕಲ್ಲು. ಮಳೆ ಬಂದರೆ ಬಂತು. ಇನ್ನು ತಿನ್ನುವ ಕೆಲಸಕ್ಕೆ ಆಡುಗಳಿವೆ. ಜಪಾನಿನ ಗುರುಗಳು ಕಣ್ಣು ಕಿರಿದು ಮಾಡಿ, ಮುಂದಿನ ಹತ್ತು ವರ್ಷದ ಲೆಕ್ಕ ಹಾಕಿ ಕತ್ತರಿಸುವ ಚಿಗುರನ್ನು ಆಡು ಮುಳ್ಳಿನ ನಡುವೆ ತುಟಿ ತೂರಿಸಿ ಕ್ಷಣದಲ್ಲಿ ಮುಗಿಸುತ್ತದೆ. ಹತ್ತಾರು ವರ್ಷ ಹೀಗೆ ಮೇಯಿಸಿಕೊಂಡ ಬಾರಿಕಂಟಿ ಮೊಣಕಾಲೆತ್ತರ ದಾಟಿರುವುದಿಲ್ಲ. ಬುಡ ಮಾತ್ರ ತೊಡೆಗಾತ್ರ. ಇಷ್ಟೆಲ್ಲ ಮಾಡಿದ ಆಡಿಗೆ ಯಾವ ಬೋನ್ಸಾಯ್ ಪ್ರದರ್ಶನದಲ್ಲೂ ಬಹುಮಾನ ಬಂದದ್ದು ನಾನು ಕೇಳಿಲ್ಲ.

ಬನ್ನಿಯೂ ಸೊಗಸಾಗಿ ಕುಬ್ಜವಾಗುತ್ತದೆ. ಆದರೆ ದಸರೆಗೆ ಬಂಗಾರವೆಂದು ಹಂಚುವ ಗಿಡಕ್ಕೆ ಗುದ್ದಲಿ ಹಾಕಿ ಅದೇ ಊರಲ್ಲಿ ಬಾಳುವುದು ಕಷ್ಟ. ಅರಣ್ಯ ಇಲಾಖೆಯ ಜಾಗವನ್ನಂತೂ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಉಳಿದದ್ದು ಹೊಲದ ಬದುವು. ಪರಿಚಯದ ರೈತರೊಬ್ಬರಲ್ಲಿ ಹೋಗಿ, ನಿಮ್ಮ ಬದುವಿನ ಒಂದು ಬಾರಿಕಂಟಿ ಕೊಡುತ್ತೀರಾ ಎಂದು ಕೈಮುಗಿದು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಒಂದ್ಯಾಕ್ರಿ, ಇದ್ದಬಿದ್ದದ್ದೆಲ್ಲಾ ಕಿತಗೊಂಡ ಹೋಗ್ರಿ, ಪುಣ್ಯಾ ಬರತೈತಿ” ಅಂದರು. ಹಿಂದೆಯೇ ಚಹಾ ಕೂಡ ಕಳಿಸಿದರು.

ಕೀಳುವುದಕ್ಕೆ ಮುಂಗಾರು ಹಿಡಿಯುವ ಹೊತ್ತು ಒಳ್ಳೆಯದು. ಗಿಡದ ಸುತ್ತ ದುಂಡಗೆ ಅಗೆದು, ಬೇರಿನ ಮಣ್ಣುಂಡೆ ಒಡೆಯದಂತೆ ಎತ್ತಿ, ಹಸಿ ಗೋಣಿತಟ್ಟು ಸುತ್ತಬೇಕು. ತಂದ ಕೂಡಲೇ ಸಣ್ಣ ಕುಂಡಕ್ಕೆ ತುರುಕದೆ ಒಂದೆರಡು ವರ್ಷ ದೊಡ್ಡ ಪೆಟ್ಟಿಗೆಯಲ್ಲಿ ಸುಧಾರಿಸಿಕೊಳ್ಳಲು ಬಿಡಬೇಕು. ಪುಸ್ತಕದಲ್ಲಿ ಇದು ಅರ್ಧ ಪುಟ. ಬಾರಿಗಿಡ ಆ ಪುಸ್ತಕ ಓದಿಲ್ಲ. ಮೇಲೆ ಮೊಣಕಾಲುದ್ದ ಇರುವ ಗಿಡ ತಾಯಿಬೇರನ್ನು ಕಲ್ಲಿನ ಸಂದಿ ಹುಡುಕಿ ಪಾತಾಳಕ್ಕೆ ಇಳಿಸಿರುತ್ತದೆ. ನಾನು ಹಾರೆ ಹಿಡಿದು ಎದೆಮಟ್ಟದ ತಗ್ಗಿನಲ್ಲಿ ಬೆವರುತ್ತಿರುವಾಗ ಕುರಿ ಹೊಡೆದುಕೊಂಡು ಹೊರಟಿದ್ದ ಅಜ್ಜ ದಂಡೆಗೆ ಬಂದು ಬಗ್ಗಿದ.

“ನೀರ ಬಿತ್ತೇನ್ರಿ?”

“ಬಾವಿ ಅಲ್ಲಜ್ಜಾ, ಗಿಡ ಕೀಳಾಕತ್ತೇನಿ. ಕುಂಡದಾಗ ಇಡಾಕ.”

“ಬೆಳದು ದೊಡ್ಡದಾಗತೈತೇನು?”

“ಇಲ್ಲ, ಹಿಂಗಽ ಗಿಡ್ಡ ಇರಬೇಕು.”

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದ. “ಅದು ಇಲ್ಲೇ ಹಂಗಽ ಇತ್ತಲ್ರಿ” ಅಂದು ಕುರಿಗಳ ಹಿಂದೆ ಹೋದ. ಬೋನ್ಸಾಯ್ ಕಲೆಯ ಮೇಲೆ ಇಷ್ಟು ಗಟ್ಟಿ ಆಕ್ಷೇಪವನ್ನು ನಾನು ಎಲ್ಲೂ ಓದಿಲ್ಲ.

ಮನೆಯಲ್ಲಿ ಬೇರೆ ತಂಟೆ. ಬರಗಾಲ ಉಂಡು ಬೆಳೆದ ನಮ್ಮ ಅತ್ತೆಗೆ ಗಿಡವನ್ನು ಬೇಕೆಂದೇ ಅರೆಹೊಟ್ಟೆಯಲ್ಲಿ ಇಡುವುದು ಸುತರಾಂ ಒಪ್ಪಿಗೆಯಿಲ್ಲ. ನನ್ನ ಕಣ್ಣು ತಪ್ಪಿಸಿ ತಿಪ್ಪೆಗೊಬ್ಬರ ಹಾಕಿ, ಹಾಲಿನ ಪಾತ್ರೆ ತೊಳೆದ ನೀರು ಸುರಿಯುತ್ತಿದ್ದರು. ಗಿಡ ಮೊಳದುದ್ದದ ಚಿಗುರು ಬಿಟ್ಟು ಅವರ ಋಣ ತೀರಿಸಿತು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಲು ಜನ ದೂರದಿಂದ ಬರುತ್ತಾರೆ ಎಂದು ತಿಳಿಸಿ ಹೇಳಿದೆ. “ಆಶ್ರಮದವ್ರು ಉಪವಾಸ ಮಾಡಸಲಿ, ಅವ್ರದು ವ್ರತ. ನಮ್ಮ ಮನ್ಯಾಗ ಯಾಕ?” ಅಂದರು.

ಅವರನ್ನು ಗೆಲ್ಲಲು ನಾನು ಇಟ್ಟುಕೊಂಡಿದ್ದ ದೊಡ್ಡ ಅಸ್ತ್ರ ಯಮಾಕಿ ಪೈನ್. 1625ರಿಂದ ಕುಂಡದಲ್ಲಿರುವ ಮರ ಅದು. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಸುಮಾರು ಮೂರು ಕಿಲೋಮೀಟರ್ ದೂರದ ಮನೆಯಂಗಳದಲ್ಲಿ ಉಳಿದುಕೊಂಡಿತು. ಬಾಂಬು ಹಾಕಿದ ಅಮೆರಿಕಕ್ಕೇ 1976ರಲ್ಲಿ ಉಡುಗೊರೆಯಾಗಿ ಹೋಗಿ ಈಗ ವಾಷಿಂಗ್ಟನ್ನಿನಲ್ಲಿದೆ. ಗೋಳಗುಮ್ಮಟದ ಮೊಹಮ್ಮದ್ ಆದಿಲ್‌ಶಾಹ ಪಟ್ಟಕ್ಕೆ ಬಂದದ್ದು 1627ರಲ್ಲಿ. ಅಂದರೆ ನಮ್ಮ ಗುಮ್ಮಟಕ್ಕೂ ಆ ಕುಂಡಕ್ಕೂ ಹೆಚ್ಚು ಕಡಿಮೆ ಒಂದೇ ಪ್ರಾಯ. ಅತ್ತೆ ಇದನ್ನು ಪೂರ್ತಿ ಕೇಳಿದರು. “ನಾಕನೂರ ವರ್ಷ ದಿನಾ ಯಾರ ನೀರ ಹಾಕಿದ್ರೋ, ಪಾಪ” ಅಂದರು. ಆಮೇಲೆ ಗೊಬ್ಬರ ಮಾತ್ರ ನಿಲ್ಲಲಿಲ್ಲ.

ಈಗ ಮಡ್ಡಿಯೂ ಕರಗುತ್ತಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ತಿಕೋಟಾ ಭಾಗಕ್ಕೆ ಏರಿ ಬಂದ ಮೇಲೆ, ಜೆಸಿಬಿ ಹಚ್ಚಿ ಮಡ್ಡಿ ಸಪಾಟು ಮಾಡಿ ದ್ರಾಕ್ಷಿ ಹಚ್ಚುವವರು ಹೆಚ್ಚಿದ್ದಾರೆ. ನನ್ನ ಕುಂಡಕ್ಕಾಗಿ ಊರಿಗೆ ಬರ ಬೇಡುವಷ್ಟು ಹುಚ್ಚು ನನಗೆ ಹಿಡಿದಿಲ್ಲ. ನೀರು ಬರಲಿ, ಕಂಟಿ ಹೋಗಲಿ. ಅಲ್ಲದೆ ದ್ರಾಕ್ಷಿಯವರೂ ನಮ್ಮ ಪಂಗಡದವರೇ. ತಂತಿ ಅವರಲ್ಲಿದೆ, ಕತ್ತರಿ ಇದೆ, ಏಪ್ರಿಲ್‌ನಲ್ಲಿ ಬಳ್ಳಿ ಸವರುವ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಇನ್ನೊಂದು. ನಮ್ಮ ಕಡೆಯ ಬಳ್ಳಿಗೆ ಬುಡವೂ ಕಾಡಿನದೇ: ಅಮೆರಿಕದ ಟೆಕ್ಸಾಸಿನ ಡಾಗ್ರಿಜ್ ಎಂಬ ಕಾಡುದ್ರಾಕ್ಷಿಯ ಮೇಲೆ ಥಾಮ್ಸನ್ ತಳಿಯ ಕಸಿ ಕಟ್ಟಿರುತ್ತಾರೆ. ಹಳೆಯ ಬಳ್ಳಿಯ ತೊಗಟೆ ಜುನಿಪರಿನದರ ಹಾಗೆಯೇ ಉದ್ದುದ್ದ ಸೀಳಾಗಿ ಸುಲಿಯುತ್ತದೆ, ಕಾಂಡ ತಿರುಚಿಕೊಂಡಿರುತ್ತದೆ. ಎಲೆ ಕುಂಡಕ್ಕೆ ದೊಡ್ಡದಾಯಿತು ಎಂಬುದೊಂದೇ ಕೊರತೆ. ಇಂಥ ಬಳ್ಳಿಗಳನ್ನು ಫಸಲು ಇಳಿದ ಮೇಲೆ ಕಿತ್ತು ಒಲೆಗೆ ಹಾಕುತ್ತಾರೆ.

ಆದ್ದರಿಂದ ಘೋಣಸಗಿ, ತಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರರಲ್ಲಿ ಒಂದು ಅರಿಕೆ. ಹಳೇ ತೋಟ ತೆಗೆಯುವವರಿದ್ದರೆ ಜೆಸಿಬಿಯವನಿಗೆ ಫೋನ್ ಮಾಡುವ ಮುಂಚೆ ನನಗೊಂದು ಮಾತು ಹೇಳಿ. ಬುಡದಿಂದ ಒಂದು ಮೊಳ ಬಿಟ್ಟು ಅಗೆಯಿರಿ, ಬೇರಿನ ಮಣ್ಣು ಝಾಡಿಸಬೇಡಿ. ಗೋಣಿಚೀಲ ನಾನೇ ತರುತ್ತೇನೆ. ರೇಟು ಮಾತ್ರ ಕಟ್ಟಿಗೆಯದೇ ಇರಲಿ.