ಮೋಟಾರ್ ಹೋಗ್ಯಾದ್ರಿ ಕಾಕಾ!

ಜಹೀರಾಬಾದ್ ಸೀಮೆಯಲ್ಲಿ ಗೇಟಿನ ಮೋಟಾರು ಸಾಯುವುದಕ್ಕೆ ಮೂರೇ ಕಾರಣ. ಎದುರು ಮನೆಯವರು ಹೊಸದು ಹಾಕಿಸಿರಬೇಕು, ಇಲ್ಲವೇ ಮಗಳ ಮದುವೆ ಗೊತ್ತಾಗಿರಬೇಕು, ಅದೂ ಇಲ್ಲವೆಂದರೆ ಹೈದರಾಬಾದಿನ ಭಾವ ಹಬ್ಬಕ್ಕೆ ಬಂದಿರಬೇಕು. ಮೋಟಾರು ಕೆಡುವುದು ಈ ಪಟ್ಟಿಯಲ್ಲಿ ಬರುವುದಿಲ್ಲ. ಕೆಟ್ಟದ್ದನ್ನು ನಾವು ತಂತಿ ಬಿಗಿದು, ತಟ್ಟಿ, ಬೈದು ವರ್ಷಗಟ್ಟಲೆ ಓಡಿಸಬಲ್ಲೆವು. ಕಿತ್ತು ಗುಜರಿಗೆ ಹಾಕುವುದು ನೆಟ್ಟಗೆ ಓಡುತ್ತಿರುವುದನ್ನು.

ಭಾವ ದಸರೆಗೆ ಬಂದವನು ಕಾರಿನಿಂದ ಇಳಿಯುವ ಮೊದಲೇ ತೀರ್ಪು ಕೊಡುತ್ತಾನೆ. "ಇನ್ನಾ ಹಳೇದೇ ಅದ ಏನ್ರಿ ಇದು? ನಮ್ಮ ಕಡಿ ಈಗೆಲ್ಲಾ ಫೋನಿನಾಗೇ ಗೇಟ್ ತೆರೀತಾವ." ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಅವನ ಅಪಾರ್ಟ್‌ಮೆಂಟಿನಲ್ಲಿ ಗೇಟು ಫೋನಿನಿಂದಲೇ ತೆರೆಯುತ್ತದೆ: ಅವನು ವಾಚ್‌ಮನ್‌ಗೆ ಫೋನ್ ಮಾಡುತ್ತಾನೆ, ವಾಚ್‌ಮನ್ ಬಂದು ತೆರೆಯುತ್ತಾನೆ. ಆದರೆ ತಂಗಿಯ ಗಂಡನ ಎದುರು ಅಷ್ಟು ವಿವರಕ್ಕೆ ಹೋಗಬೇಕಾದ ಅಗತ್ಯ ಭಾವನಿಗೆ ಇಲ್ಲ. ಆ ರಾತ್ರಿಯೇ ಯಜಮಾನರಿಗೆ ತಮ್ಮ ಮೋಟಾರಿನಲ್ಲಿ ಕರಕರ ಸದ್ದು ಕೇಳಿಸತೊಡಗುತ್ತದೆ.

ಹಾಗೆ ನೋಡಿದರೆ ನಮ್ಮ ಕಡೆಯ ಮೊದಲ ಗೇಟ್ ಓಪನರ್ ಚೀನಾದಿಂದ ಬಂದದ್ದಲ್ಲ. ಹುಮನಾಬಾದಿನಿಂದಲೋ ಚಿಟಗುಪ್ಪದಿಂದಲೋ ಮದುವೆಯಾಗಿ ಬಂದದ್ದು. ಅದಕ್ಕೆ ರಿಮೋಟ್ ಎಂದರೆ ಕಾರಿನ ಹಾರ್ನ್. ಯಜಮಾನರು ಓಣಿಯ ತಿರುವಿನಲ್ಲಿ ಒಮ್ಮೆ ಒತ್ತಿದರೆ ಸೊಸೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಅಗಳಿ ಸರಿಸಬೇಕು. ಎರಡು ಸಲ ಒತ್ತಿದರೆ ಯಜಮಾನರಿಗೆ ಸಿಟ್ಟು ಬಂದಿದೆ ಎಂದು ಸೊಸೆಗೆ ತಿಳಿಯುತ್ತಿತ್ತು, ಮೂರು ಸಲ ಒತ್ತಿದರೆ ಓಣಿಗೆಲ್ಲ ತಿಳಿಯುತ್ತಿತ್ತು. ಹೆಂಚಿನ ಮೇಲಿನ ರೊಟ್ಟಿ ಸೀದರೆ ಆ ಲೆಕ್ಕವೂ ಅವಳದೇ. ಕರೆಂಟ್ ಇರಲಿ ಬಿಡಲಿ, ಮಳೆ ಇರಲಿ ಬಿಸಿಲಿರಲಿ, ಈ ಓಪನರ್ ನಿಂತದ್ದಿಲ್ಲ. ಹಾಗಾಗಿ ಇದನ್ನು ಬದಲಿಸುವ ಮಾತನ್ನು ಯಾರೂ ಎತ್ತಲಿಲ್ಲ. ಸೊಸೆಗೆ ಶಾಲೆಯಲ್ಲಿ ನೌಕರಿ ಸಿಕ್ಕಿತು ನೋಡಿ, ಅದೇ ತಿಂಗಳು ಮನೆಗೆ ಮೋಟಾರು ಬಂತು. "ಕಾಲ ಎಷ್ಟ್ ಮುಂದ್ ಹೋಗ್ಯಾದ ನೋಡ್ರಿ" ಎಂದು ಯಜಮಾನರು ಬಂದವರಿಗೆಲ್ಲ ರಿಮೋಟ್ ಒತ್ತಿ ತೋರಿಸಿದರು.

ಮೋಟಾರಿಗೆ ಸಿಕ್ಕ ಮರ್ಯಾದೆಯೇ ಬೇರೆ. ಅದು ಒಂದೇ ಸಮನೆ ದುಡಿಯಬಾರದು ಎಂದು ಕಂಪನಿಯವರೇ ಒಳಗೆ ಒಂದು ಸ್ವಿಚ್ಚು ಇಟ್ಟಿರುತ್ತಾರೆ. ನಾಲ್ಕಾರು ಸಲ ಬಿಡುವಿಲ್ಲದೆ ತೆರೆದು ಮುಚ್ಚಿದರೆ ಸುರುಳಿ ಕಾಯುತ್ತದೆ, ಸ್ವಿಚ್ಚು ಕಟ್ ಆಗುತ್ತದೆ, ಸಾಕಷ್ಟು ತಣ್ಣಗಾಗುವವರೆಗೆ ಮೋಟಾರು ಅಲುಗಾಡುವುದಿಲ್ಲ. ಕೆಲಸ ಮಾಡಿ ದಣಿದದ್ದಕ್ಕೆ ಸುಮ್ಮನೆ ಕೂರುವ ಹಕ್ಕು ನಮ್ಮ ಮನೆಗಳಲ್ಲಿ ಮೊದಲು ಸಿಕ್ಕಿದ್ದು ಈ ಮೋಟಾರಿಗೆ.

ಇದೇ ಸ್ವಿಚ್ಚು ಮಿಸ್ತ್ರಿಯ ಅನ್ನವೂ ಹೌದು. ಮೇ ತಿಂಗಳ ಮಧ್ಯಾಹ್ನ ಮೊಮ್ಮಗ ರಿಮೋಟ್ ಹಿಡಿದು ಅಂಗಡಿಯ ಶಟರನ್ನು ಏರಿಸಿ ಇಳಿಸಿ ಆಡುತ್ತಾನೆ. ಮೋಟಾರು ನಿಲ್ಲುತ್ತದೆ. ಮಿಸ್ತ್ರಿಗೆ ಫೋನ್ ಹೋಗುತ್ತದೆ, "ಇಕಾ, ಬಂದೇ ಬಿಟ್ಟೆ" ಎಂದವನು ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬರುತ್ತಾನೆ. ಏಣಿ ಹತ್ತಿ ಮೋಟಾರಿನ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾನೆ. ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ಕುಟ್ಟುತ್ತಾನೆ. "ಈಗ ಬಟನ್ ಒತ್ರಿ." ಒತ್ತಿದರೆ ಶಟರ್ ಸರಾಗ ಏರುತ್ತದೆ, ಮನೆಮಂದಿ ಬೆರಗಾಗುತ್ತಾರೆ. ಮಿಸ್ತ್ರಿ ಕೈ ಒರೆಸಿಕೊಂಡು ದುಡ್ಡು ಎಣಿಸಿ, ಹೋಗುವಾಗ ಗಂಭೀರವಾಗಿ ಹೇಳುತ್ತಾನೆ: "ಇವತ್ತ ನಡೀತು. ಆದ್ರ ಮೋಟಾರ್ ಹೋಗ್ಯಾದ್ರಿ ಕಾಕಾ. ಹೊಸದು ಹಾಕ್ರಿ." ಕಾದದ್ದು ಆರಿದರೆ ಮತ್ತೆ ಓಡುತ್ತದೆ ಎಂಬ ಏಳನೆಯ ಇಯತ್ತೆಯ ಪಾಠಕ್ಕೆ ಕಾಕಾ ಕೊಟ್ಟ ಟ್ಯೂಷನ್ ಫೀಸು ಅದು.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂಬುದು ಇನ್ನೊಂದು ರೋಗ. ಮನೆಯ ಫ್ಯಾನು ಹೀಗೆ ಮಾಡಿದರೆ ಯಾರೂ ಫ್ಯಾನ್ ಬದಲಿಸುವುದಿಲ್ಲ, ಕಂಡೆನ್ಸರ್ ತಂದು ಹಾಕುತ್ತಾರೆ. ಗೇಟಿನ ಮೋಟಾರಿಗೂ ಬಹಳ ಸಲ ಬೇಕಾದದ್ದು ಅದೇ ಕಂಡೆನ್ಸರ್. ಒಳಗಿನ ಪ್ಲಾಸ್ಟಿಕ್ ಗಿಯರ್ ಸವೆದು ಪುಡಿ ಉದುರಿದ್ದರೆ ಆ ಗಿಯರ್ ಒಂದನ್ನೇ ಹಾಕಬಹುದು. ಶಟರ್ ನೆಲ ಮುಟ್ಟದೆ ಗೇಣು ಮೇಲೆ ನಿಂತರೆ ಲಿಮಿಟ್ ಸ್ವಿಚ್ಚನ್ನು ಒಂದಿಷ್ಟು ತಿರುಗಿಸಿದರೆ ಮುಗಿಯಿತು. ಇದೆಲ್ಲ ಮಿಸ್ತ್ರಿಗೆ ಗೊತ್ತಿಲ್ಲ ಎಂದಲ್ಲ. ಆದರೆ ಗಿಯರ್ ಹಾಕಿದ ಮಿಸ್ತ್ರಿಗೆ ಚಹಾ ಸಿಗುತ್ತದೆ, ಮೋಟಾರು ಹಾಕಿದ ಮಿಸ್ತ್ರಿಗೆ ಕಮಿಷನ್ ಸಿಗುತ್ತದೆ. ಹಳೆಯ ಮೋಟಾರನ್ನು ಹೊರುವ ತ್ರಾಸನ್ನೂ ಅವನೇ ವಹಿಸಿಕೊಳ್ಳುತ್ತಾನೆ. ಮುಂದಿನ ವಾರ ಅದು ಬೇರೆ ಯಾವುದೋ ಊರಿನ ಗೇಟಿನಲ್ಲಿ ಹೊಸ ಪೇಂಟು ಬಳಿದುಕೊಂಡು ನಿಂತಿರುತ್ತದೆ.

ತಾಂಡೂರಿನಲ್ಲಂತೂ ಮೋಟಾರಿನ ಮೇಲೆ ಹೊರಿಸುವ ಅಪವಾದಕ್ಕೆ ಲೆಕ್ಕವಿಲ್ಲ. ಅಲ್ಲಿ ಗಣಿ, ಪಾಲಿಶ್ ಕಾರ್ಖಾನೆ, ಸಿಮೆಂಟು. ಫರ್ಸಿ ಕಲ್ಲಿನ ಬಿಳಿ ಪುಡಿ ಕೂರದ ಜಾಗವಿಲ್ಲ. ಶಟರ್ ಸದ್ದು ಮಾಡಿತೆಂದು ಮಾಲೀಕ ಎರಡೂ ಕಡೆಯ ಪಟ್ಟಿಗೆ ಧಾರಾಳ ಗ್ರೀಸ್ ಮೆತ್ತುತ್ತಾನೆ. ಗ್ರೀಸಿನ ಮೇಲೆ ಕಲ್ಲುಪುಡಿ ಕೂತರೆ ಆಗುವುದು ಉಜ್ಜುವ ಲೇಹ್ಯ. ಅದು ಪಟ್ಟಿಯನ್ನೂ ತಿನ್ನುತ್ತದೆ, ಬೇರಿಂಗನ್ನೂ ತಿನ್ನುತ್ತದೆ. ಬೈಗುಳ ಮಾತ್ರ ಮೋಟಾರಿಗೆ. ನಾರಾಯಣಖೇಡ, ನ್ಯಾಲಕಲ್ ಕಡೆಯ ಎರೆ ಭೂಮಿಯದು ಇನ್ನೊಂದು ಕತೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ತಳಪಾಯ ಆಳಕ್ಕೆ ಹೋಗದ ಗೇಟಿನ ಕಂಬ ಎರಡು ಮಳೆಗಾಲಕ್ಕೆ ವಾಲುತ್ತದೆ, ನೆಲದ ಹಳಿ ಸೊಟ್ಟಗಾಗುತ್ತದೆ. ಸೊಟ್ಟ ಹಳಿಯ ಮೇಲೆ ಎರಡು ಕ್ವಿಂಟಲ್ ಕಬ್ಬಿಣವನ್ನು ಎಳೆಯಲಾರದೆ ಮೋಟಾರು ನರಳುತ್ತದೆ. ಮಾಲೀಕ ಅದರ ಎರಡರಷ್ಟು ಬಲದ ಮೋಟಾರು ತರುತ್ತಾನೆ. ಈಗ ಗೇಟು ಸರಿಯುತ್ತದೆ, ಜೊತೆಗೆ ಕಂಬವನ್ನೂ ಒಂದಿಷ್ಟು ಸರಿಸುತ್ತದೆ.

ಡಾಲಸ್‌ನಲ್ಲಿರುವ ನಮ್ಮ ಹುಡುಗರ ಮನೆಗಳ ಗ್ಯಾರೇಜ್ ಬಾಗಿಲಿನಲ್ಲೂ ನಡೆಯುವುದು ಇದೇ. ಅಲ್ಲಿ ಬಾಗಿಲಿನ ಭಾರ ಹೊರುವುದು ಮೋಟಾರಲ್ಲ, ಮೇಲಿರುವ ಸ್ಪ್ರಿಂಗು. ಸಾಮಾನ್ಯ ಸ್ಪ್ರಿಂಗಿನ ಆಯುಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಎಂದು ಹಿಡಿದರೆ ಏಳು ವರ್ಷವೂ ಪೂರ್ತಿ ಬರುವುದಿಲ್ಲ. ಸ್ಪ್ರಿಂಗ್ ಸೋತಾಗ ಬಾಗಿಲು ಏಳದು, ಹುಡುಗ ಹೊಸ ಮೋಟಾರಿಗೆ ಆರ್ಡರ್ ಮಾಡುತ್ತಾನೆ. ನಿಜ ತಿಳಿಯುವುದು ಸುಲಭ. ಕೆಂಪು ಹಗ್ಗ ಎಳೆದು ಮೋಟಾರಿನಿಂದ ಬಾಗಿಲನ್ನು ಬಿಡಿಸಿ, ಕೈಯಿಂದ ಅರ್ಧಕ್ಕೆ ಎತ್ತಿ ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು. ದಡಾರನೆ ಇಳಿದರೆ ತಪ್ಪು ಸ್ಪ್ರಿಂಗಿನದು. ಅದನ್ನು ಬಿಚ್ಚಲು ಮಾತ್ರ ತಿಳಿದವನೇ ಬೇಕು, ಬಿಗಿದ ಸ್ಪ್ರಿಂಗು ಕೈ ಮುರಿದೀತು. ಇಷ್ಟು ಹೇಳಿದರೆ ಹುಡುಗ, "ಅಪ್ಪಾ, ನೀವು ಅಲ್ಲಿ ಕೂತು ಇಲ್ಲಿನ ಬಾಗಿಲ ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಾನೆ. ಭಾವನ ರಕ್ತ ಅವನಲ್ಲೂ ಹರಿಯುತ್ತಿದೆ.

ಯಾವುದನ್ನು ಬದಲಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ವಿದ್ಯೆಗೆ ಜಗತ್ತಿನ ಪ್ರಶಸ್ತಿ ಬಂದಿರುವ ಊರು ನಮ್ಮ ಪಕ್ಕದಲ್ಲೇ ಇದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಶುರುವಾಯಿತು. ಕಟ್ಟಿದವರಲ್ಲಿ ದೂರದರ್ಶನದ ನೌಕರಿ ಬಿಟ್ಟು ಬಂದ ಮೈಸೂರಿನ ಪಿ.ವಿ. ಸತೀಶ್ ಒಬ್ಬರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಜೋಳ, ನವಣೆ ಹಳೆಯ ಮಾಡೆಲ್ಲು, ಬಿಸಾಕಿ ಹೊಸದು ತನ್ನಿ ಎಂದು ಪೇಟೆಯೂ ಆಫೀಸುಗಳೂ ಕೂಗುತ್ತಿದ್ದಾಗ ಅಲ್ಲಿನ ಸಂಘದ ಹೆಂಗಸರು ಬೀಜಕ್ಕೆ ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ಕಾಪಿಟ್ಟರು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಸಂಘಂ ರೇಡಿಯೋ ತೆರೆದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಹೊಸದೆಲ್ಲ ಬೇಡ ಎಂದವರಲ್ಲ ಅವರು. ರೇಡಿಯೋ ಬೇಕೆನಿಸಿತು, ತಂದರು. ಹೊಲಕ್ಕೆ ಹೋಗಿ ನೋಡಿ, ಆಮೇಲೆ ತೀರ್ಮಾನ ಮಾಡುತ್ತಿದ್ದರು, ಅಷ್ಟೇ. ಅಲ್ಲಿಂದ ಜಹೀರಾಬಾದಿನ ಪೇಟೆಗೆ ಬರುವಷ್ಟರಲ್ಲಿ ಆ ವಿದ್ಯೆ ದಾರಿಯಲ್ಲೆಲ್ಲೋ ಇಳಿದುಹೋಗುತ್ತದೆ.

ಪೇಟೆಯವರನ್ನೇ ಯಾಕೆ ಅನ್ನಬೇಕು, ಬದಲಿಸುವ ವಿಷಯದಲ್ಲಿ ಸರಕಾರಗಳು ಎಲ್ಲರಿಗಿಂತ ಚುರುಕು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನ್ಯಾಲಕಲ್ ಸರ್ಕಲ್, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಇಡೀ ಜಹೀರಾಬಾದ್ ತಾಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ಕ್ಕೆ ತೆಲಂಗಾಣವಾಯಿತು. 2016ರ ಅಕ್ಟೋಬರ್‌ನಲ್ಲಿ ನಮ್ಮದು ಸಂಗಾರೆಡ್ಡಿ ಜಿಲ್ಲೆ, ತಾಂಡೂರಿನದು ವಿಕಾರಾಬಾದ್. ಮನೆ ಇದ್ದಲ್ಲೇ ಇದೆ, ಮರದ ಬಾಗಿಲೂ ಅದೇ, ಒಳಗೆ ಅಜ್ಜಿ ಮೊಮ್ಮಕ್ಕಳನ್ನು ಬೈಯುವುದೂ ಕನ್ನಡದಲ್ಲೇ. ಬಾಗಿಲ ಮೇಲಿನ ವಿಳಾಸವನ್ನು ಮಾತ್ರ ಮತ್ತೆ ಮತ್ತೆ ಕಿತ್ತು ಹಾಕಿದರು. ಯಾವ ಸಲವೂ ಒಬ್ಬ ಮಿಸ್ತ್ರಿಯನ್ನೂ ಕಳಿಸಿ, ಒಳಗೆ ಕೆಟ್ಟಿರುವುದು ಏನು ಎಂದು ಬಿಚ್ಚಿ ನೋಡಿಸಲಿಲ್ಲ.

ಹಾಗಾದರೆ ಮೋಟಾರನ್ನು ಬದಲಿಸಲೇಬಾರದೇ? ಬದಲಿಸಬೇಕಾದವು ಇವೆ. ಅವನ್ನು ಯಾರೂ ಮುಟ್ಟುವುದಿಲ್ಲ, ಯಾಕೆಂದರೆ ಅವು ಚೆನ್ನಾಗಿ ಓಡುತ್ತಿವೆ. ಹಳೆಯ ಅಗ್ಗದ ರಿಮೋಟುಗಳು ಯಾವಾಗಲೂ ಒಂದೇ ಸಂಕೇತವನ್ನು ಕಳಿಸುತ್ತವೆ. ಬೀಗದ ಕೈ ಮಾಡುವ ಅಂಗಡಿಯಲ್ಲಿ ನಿಮಿಷದಲ್ಲಿ ನಕಲು ಸಿಗುತ್ತದೆ. ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ರಿಮೋಟ್ ಬಂದು ಎಷ್ಟೋ ಕಾಲವಾಯಿತು. ಮೂರು ಬೀಗ, ನಾಲ್ಕು ಕ್ಯಾಮೆರಾ ಇಟ್ಟ ಸಾಹುಕಾರರು ಮಾತ್ರ ನಕಲು ರಿಮೋಟ್ ಅಗ್ಗಕ್ಕೆ ಸಿಕ್ಕಿತೆಂದು ಆಳಿಗೊಂದು, ಅಳಿಯನಿಗೊಂದು, ಡ್ರೈವರನಿಗೊಂದು ಹಂಚಿದ್ದಾರೆ.

ಅದಾದರೂ ಹಣದ ಮಾತು. ಸೆನ್ಸರಿನದು ಹಾಗಲ್ಲ. ಗೇಟಿನ ಎರಡೂ ಬದಿ ನೆಲದ ಹತ್ತಿರ ಎರಡು ಕಣ್ಣು ಇರುತ್ತವೆ. ನಡುವೆ ಏನಾದರೂ ಬಂದರೆ ಮೋಟಾರು ನಿಲ್ಲಬೇಕು, ಇಲ್ಲವೇ ಹಿಂದಕ್ಕೆ ಸರಿಯಬೇಕು. ಅಮೆರಿಕದಲ್ಲಿ ಬಾಗಿಲಿನ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ 1990ರಲ್ಲಿ ಕಾನೂನು ತಂದರು. 1993ರ ಜನವರಿಯಿಂದ ತಯಾರಾಗುವ ಮನೆಬಳಕೆಯ ಗ್ಯಾರೇಜ್ ಓಪನರ್‌ಗಳಿಗೆಲ್ಲ ಇಂಥ ರಕ್ಷಣೆ ಕಡ್ಡಾಯವಾಯಿತು. ನಮ್ಮ ಓಣಿಯಲ್ಲಿ ಆ ಕಣ್ಣಿನ ಮುಂದೆ ಆಡು ಹಾಯುತ್ತದೆ, ನಾಯಿ ಮಲಗುತ್ತದೆ, ಜೇಡ ಬಲೆ ಕಟ್ಟುತ್ತದೆ. ಗೇಟು ಮುಚ್ಚುವುದಿಲ್ಲ, ಯಜಮಾನರಿಗೆ ತಡೆಯುವುದಿಲ್ಲ. ಮಿಸ್ತ್ರಿ ಎರಡೂ ಕಣ್ಣನ್ನು ಬಿಚ್ಚಿ, ಎದುರುಬದುರು ಟೇಪು ಸುತ್ತಿ, ಕಂಬದ ಹಿಂದೆ ಮಲಗಿಸುತ್ತಾನೆ. "ಸೆನ್ಸರ್ ಕಾಟ ಮುಗೀತ್ರಿ ಕಾಕಾ." ಅಂದಿನಿಂದ ಅವು ಒಂದನ್ನೊಂದು ನೋಡುತ್ತ ಎಲ್ಲವೂ ಸರಿಯಾಗಿದೆ ಎಂದು ಮೋಟಾರಿಗೆ ಹೇಳುತ್ತಿರುತ್ತವೆ. ಗೇಟಿನ ಹಳಿಯ ಮೇಲೆ ಓಣಿಯ ಮಕ್ಕಳು ಚೆಂಡು ಹುಡುಕುತ್ತಿರುತ್ತಾರೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಗೇಟು ಮುಚ್ಚುತ್ತಿರುವಾಗ ದೂರ ನಿಂತು ಸೆನ್ಸರಿನ ದಾರಿಗೆ ಒಂದು ರಟ್ಟಿನ ಡಬ್ಬಿಯನ್ನು ಕೋಲಿನಿಂದ ತಳ್ಳಿ. ಗೇಟು ನಿಂತರೆ ಮೋಟಾರು ಹಳೆಯದಾದರೂ ಇರಲಿ. ಡಬ್ಬಿ ಅಪ್ಪಚ್ಚಿಯಾದರೆ ಮೊದಲು ಸೆನ್ಸರ್ ಹಾಕಿಸಿ. ನಿಮ್ಮ ಮೋಟಾರಿಗೆ ಸೆನ್ಸರ್ ಕೂಡುವುದಿಲ್ಲವೆಂದರೆ, ನಿನ್ನೆ ಕೊಂಡದ್ದಾದರೂ ಸರಿ, ಅದನ್ನು ಬದಲಿಸಿ. ಹೊಸದು ಬರುವವರೆಗೆ ಗೇಟನ್ನು ಕೈಯಿಂದ ತಳ್ಳಿ. ಹಾರ್ನ್ ಹೊಡೆಯಬೇಡಿ, ಕಾರಿನಿಂದ ನೀವೇ ಇಳಿಯಿರಿ.